ಕೊಕ್ ಓ ವ್ಯಾಂ ಮನೆಯಲ್ಲಿ ಮಾಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಕ್ ಓ ವ್ಯಾಂ ಎಂದರೆ ಏನು?

ಫ್ರೆಂಚಿನಲ್ಲಿ ಕೊಕ್ ಎಂದರೆ ಹುಂಜ, ವ್ಯಾಂ ಎಂದರೆ ವೈನ್. ಹುಂಜದ ಮಾಂಸವನ್ನು, ಉಪ್ಪು ಹಾಕಿ ಹದಗೊಳಿಸಿದ ಹಂದಿಮಾಂಸದ (ಬೇಕನ್) ತುಂಡುಗಳೊಡನೆ, ಕೆಂಪು ವೈನಿನಲ್ಲಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಬೇಯಿಸಿ, ಇಡಿಯಾದ ಚಿಕ್ಕ ಈರುಳ್ಳಿ ಮತ್ತು ಅಣಬೆಗಳನ್ನು ಕೊನೆಯಲ್ಲಿ ಕೂಡಿಸುವ ಅಡುಗೆ ಇದು. ಫ್ರಾನ್ಸಿನ ಪೂರ್ವಭಾಗದಲ್ಲಿರುವ ಬರ್ಗಂಡಿಯ ಹೆಸರಿನೊಡನೆ ಇದು ಹೆಚ್ಚಾಗಿ ಬೆಸೆದುಕೊಂಡಿದೆಯಾದರೂ ವೈನ್ ತಯಾರಾಗುವ ಬೇರೆ ಸೀಮೆಗಳಲ್ಲಿಯೂ ಅಲ್ಲಲ್ಲಿಯ ರೂಪಗಳಿವೆ. ಆಲ್ಸೇಸಿನಲ್ಲಿ ರೀಸ್ಲಿಂಗ್ ಎಂಬ ಬಿಳಿ ವೈನನ್ನೂ ಕೆನೆಯನ್ನೂ ಬಳಸುತ್ತಾರೆ. ಜುರಾ ಪ್ರದೇಶದಲ್ಲಿ ಅಲ್ಲಿನದೇ ಆದ ಹಳದಿ ವೈನಿನೊಡನೆ ಮೊರೆಲ್ ಎಂಬ ಕಾಡು ಅಣಬೆಯನ್ನು ಸೇರಿಸುತ್ತಾರೆ. ಇಲ್ಲಿನ ಉತ್ತರಗಳೆಲ್ಲವೂ ಬರ್ಗಂಡಿಯ ಕೆಂಪು ವೈನಿನ ರೂಪವನ್ನು ಕುರಿತವು.

ಇದು ಜೂಲಿಯಸ್ ಸೀಸರನ ಕಾಲದ ಅಡುಗೆ ಎನ್ನುವುದು ನಿಜವೇ?

ಗಾಲರ ನಾಯಕ ವೆರ್ಸಿಂಜೆಟೊರಿಕ್ಸ್ ತನ್ನ ಕೆಚ್ಚನ್ನು ಸಾರಲು ಸೀಸರನಿಗೆ ಒಂದು ಹುಂಜವನ್ನು ಕಳುಹಿಸಿದನೆಂದೂ, ಸೀಸರ್ ಅದನ್ನೇ ವೈನಿನಲ್ಲಿ ಬೇಯಿಸಿ ಅವನಿಗೆ ಬಡಿಸಿದನೆಂದೂ ಒಂದು ಐತಿಹ್ಯವಿದೆ. ಅದಕ್ಕೆ ಯಾವ ದಾಖಲೆಯ ಆಧಾರವೂ ಇಲ್ಲ. ಈ ಹೆಸರಿನ ಪಾಕವಿಧಾನ ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು 20ನೆಯ ಶತಮಾನದ ಆರಂಭದಲ್ಲಿ. ಆದರೆ ಅಡುಗೆಯ ಹಿಂದಿರುವ ವಿವೇಕ ಅದಕ್ಕಿಂತ ಹಳೆಯದೆಂಬುದರಲ್ಲಿ ಅನುಮಾನ ಬೇಡ. ಕೋಳಿ ಸಾಕಿದ ರೈತನ ಮನೆಯಲ್ಲಿ ವಯಸ್ಸಾದ ಹುಂಜವನ್ನು ಎಸೆಯುವವರಿರಲಿಲ್ಲ. ಅದರ ಬಿರುಸಾದ ಮಾಂಸವನ್ನು ಮೆತ್ತಗಾಗಿಸಲು ಮನೆಯಲ್ಲಿದ್ದ ವೈನು ಮತ್ತು ಒಲೆಯ ಮೇಲಿನ ಇಡೀ ಮಧ್ಯಾಹ್ನ ಇವೆರಡೇ ಅವರ ಕೈಲಿದ್ದ ಉಪಾಯ.

ಹುಂಜವೇ ಬೇಕೇ? ಬ್ರಾಯ್ಲರ್ ಕೋಳಿ ಸಾಲದೇ?

ಬ್ರಾಯ್ಲರಿನಲ್ಲಿಯೂ ರುಚಿಯಾದ ಅಡುಗೆ ಆಗುತ್ತದೆ, ಆದರೆ ಅದು ಈ ಅಡುಗೆಯ ತಿರುಳನ್ನು ಮುಟ್ಟುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾರಣ ಹೀಗಿದೆ. ವರ್ಷ ದಾಟಿದ, ಓಡಾಡಿ ಬೆಳೆದ ಹುಂಜದ ಕಾಲು ತೊಡೆಗಳಲ್ಲಿ ಕೊಲಾಜೆನ್ ಎಂಬ ಗಟ್ಟಿ ಸಂಯೋಜಕ ಅಂಗಾಂಶ ಹೇರಳವಾಗಿರುತ್ತದೆ. ಅದನ್ನು ಅವಸರದಿಂದ ಬೇಯಿಸಿದರೆ ಮಾಂಸ ರಬ್ಬರಿನಂತೆ ಜಗಿಯುವಂತಾಗುತ್ತದೆ; ಕುದಿಯ ಸನಿಹದ ಶಾಖದಲ್ಲಿ ಎರಡು ಮೂರು ಗಂಟೆ ಬಿಟ್ಟರೆ ಅದೇ ಕೊಲಾಜೆನ್ ಕರಗಿ ಜೆಲಾಟಿನ್ ಆಗಿ, ಮಾಂಸವನ್ನು ಮೃದುವಾಗಿಸುವುದಲ್ಲದೆ ವೈನಿನ ರಸಕ್ಕೆ ತುಟಿಗೆ ಅಂಟುವಂಥ ಮೈಯನ್ನೂ ಕೊಡುತ್ತದೆ. ಆರು ಏಳು ವಾರಗಳಲ್ಲಿ ತೂಕಕ್ಕೆ ಬರುವ ಬ್ರಾಯ್ಲರಿನಲ್ಲಿ ಕರಗಲು ಅಷ್ಟು ಕೊಲಾಜೆನ್ ಇರುವುದೇ ಇಲ್ಲ. ನಾನು ಮೊದಲ ಸಲ ಬ್ರಾಯ್ಲರನ್ನು ತಂದು, ಹುಂಜಕ್ಕೆ ಹೇಳಿದ್ದ ಎರಡೂವರೆ ಗಂಟೆಯ ಲೆಕ್ಕದಲ್ಲಿಯೇ ಬೇಯಿಸಿದೆ. ಮಾಂಸವೆಲ್ಲ ನಾರುನಾರಾಗಿ ಮೂಳೆ ಬಿಟ್ಟು ರಸದಲ್ಲಿ ತೇಲಿತು, ಎದೆಯ ಭಾಗವಂತೂ ಹತ್ತಿಯಂತೆ ಒಣಗಿತ್ತು.

ಇಂದು ಯುರೋಪಿನ ನಗರಗಳಲ್ಲಿ ಬೆಳೆದ ಹುಂಜ ಸಿಗುವುದು ಕಷ್ಟವಾದ್ದರಿಂದ ಅಲ್ಲಿನ ಬಹುತೇಕ ಮನೆಗಳಲ್ಲಿ ಎಳೆಯ ಕೋಳಿಯನ್ನೇ ಬಳಸುತ್ತಾರೆ. ಕರ್ನಾಟಕದಲ್ಲಿ ಇರುವವರಿಗೆ ಈ ವಿಷಯದಲ್ಲಿ ನಿಜವಾದ ಅನುಕೂಲವಿದೆ. ನಾಟಿ ಕೋಳಿಯ ಅಂಗಡಿಗೆ ಹೋಗಿ ಬಲಿತ ಹುಂಜ ಬೇಕೆಂದು ಕೇಳಿದರೆ ಅದನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ, ಮತ್ತು ಬಲಿತ ಕೋಳಿಗೆ ಹೊತ್ತು ಬೇಕೆಂಬುದು ನಾಟಿ ಕೋಳಿ ಸಾರು ಮಾಡಿದ ಪ್ರತಿಯೊಬ್ಬರಿಗೂ ಗೊತ್ತು. ಹಳೆಯ ಬರ್ಗಂಡಿಯ ಅಡುಗೆಮನೆಗೆ, ಹಕ್ಕಿಯ ಮಟ್ಟಿಗೆ, ನಮ್ಮ ಹಳ್ಳಿಯ ಸಂತೆ ಪ್ಯಾರಿಸಿನ ಸೂಪರ್ ಮಾರುಕಟ್ಟೆಗಿಂತ ಹತ್ತಿರದಲ್ಲಿದೆ. ನಾಟಿ ಹುಂಜ ಸಿಗದಿದ್ದರೆ ಬಲಿತ ಗಿರಿರಾಜವನ್ನಾಗಲಿ, ಮೊಟ್ಟೆ ನಿಲ್ಲಿಸಿದ ಲೇಯರ್ ಹೇಂಟೆಯನ್ನಾಗಲಿ ತರಬಹುದು. ಅದೂ ಆಗದವರು ಬ್ರಾಯ್ಲರಿನ ತೊಡೆ ಮತ್ತು ಕಾಲುಗಳನ್ನು ಮಾತ್ರ ಕೊಳ್ಳುವುದು ಮೇಲು, ಎದೆಯನ್ನು ಬಿಟ್ಟುಬಿಡಿ.

ಕೋಳಿಯನ್ನು ಹೇಗೆ ಕತ್ತರಿಸಿ ಕೊಡಲು ಹೇಳಬೇಕು?

ಸಾರಿಗೆ ಕತ್ತರಿಸುವಂತೆ ಚಿಕ್ಕ ತುಂಡುಗಳು ಬೇಡ. ಎರಡು ಕಾಲು, ಎರಡು ತೊಡೆ, ಎದೆಯ ನಾಲ್ಕು ಭಾಗ ಎಂದು ಒಟ್ಟು ಎಂಟು ದೊಡ್ಡ ತುಂಡುಗಳಾಗಿ, ಚರ್ಮವನ್ನು ಉಳಿಸಿ ಕೊಡಲು ಹೇಳಿ. ಅಂಗಡಿಯವರು ರೂಢಿಯ ಮೇಲೆ ಚರ್ಮ ಸುಲಿದೇ ಬಿಡುವುದರಿಂದ ಮೊದಲೇ ಹೇಳುವುದು ಅಗತ್ಯ. ನಾಟಿ ಕೋಳಿಯ ಪುಕ್ಕ ತೆಗೆದು ಬೆಂಕಿಯಲ್ಲಿ ಸುಟ್ಟುಕೊಡುವ ಕಡೆಗಳಲ್ಲಿ ಅರಿಸಿನ ಹಚ್ಚದೆ ಕೊಡುವಂತೆ ಕೇಳಿಕೊಳ್ಳಿ. ಕತ್ತು, ಬೆನ್ನು, ರೆಕ್ಕೆಯ ತುದಿ ಮತ್ತು ಪಾದಗಳನ್ನು ಬಿಡದೆ ತನ್ನಿ. ಅವುಗಳನ್ನು ಒಂದು ಈರುಳ್ಳಿ, ಒಂದು ಕ್ಯಾರೆಟ್ಟಿನೊಡನೆ ನೀರಿನಲ್ಲಿ ಎರಡು ಗಂಟೆ ಕುದಿಸಿ ಸೋಸಿದರೆ ಅಡುಗೆಗೆ ಬೇಕಾದ ಕೋಳಿಯ ರಸ ಸಿದ್ಧವಾಗುತ್ತದೆ.

ಯಾವ ವೈನ್ ಬಳಸಬೇಕು? ಕರ್ನಾಟಕದ ವೈನ್ ಆಗುತ್ತದೆಯೇ?

ಬರ್ಗಂಡಿಯ ಕೆಂಪು ವೈನ್ ಪಿನೊ ನ್ವಾರ್ ದ್ರಾಕ್ಷಿಯಿಂದ ಆಗುವಂಥದು. ಪಕ್ಕದ ಬೋಜೊಲೆ ಪ್ರದೇಶದ ಗಮೆ ದ್ರಾಕ್ಷಿಯ ವೈನೂ ಈ ಅಡುಗೆಗೆ ಚೆನ್ನಾಗಿ ಒಗ್ಗುತ್ತದೆ. ಎರಡರಲ್ಲಿಯೂ ಒಗರು ಕಡಿಮೆ, ಹುಳಿ ಹದವಾಗಿ ಇರುತ್ತದೆ. ನೆನಪಿಡಬೇಕಾದದ್ದು ಇಷ್ಟೇ: ವೈನು ಸಿಹಿಯಿಲ್ಲದ್ದಾಗಿರಬೇಕು, ಮತ್ತು ಒಗರು ವಿಪರೀತವಾಗಿರಬಾರದು. ಒಂದು ಬಾಟಲಿ ವೈನ್ ಅರ್ಧಕ್ಕೆ ಇಳಿಯುವಾಗ ಅದರಲ್ಲಿದ್ದ ಸಿಹಿ, ಒಗರು, ಹುಳಿ ಎಲ್ಲವೂ ಸಾಂದ್ರವಾಗುತ್ತವೆ; ಬಾಟಲಿಯಲ್ಲಿ ಸಣ್ಣದಾಗಿದ್ದ ದೋಷ ಪಾತ್ರೆಯಲ್ಲಿ ದೊಡ್ಡದಾಗುತ್ತದೆ. ಆದ್ದರಿಂದ ಕುಡಿಯಲು ಯೋಗ್ಯವಲ್ಲದ ವೈನು ಅಡುಗೆಗೂ ಯೋಗ್ಯವಲ್ಲ. ಹಾಗೆಂದು ಬಹಳ ಬೆಲೆಯ ವೈನನ್ನು ಸುರಿಯುವುದೂ ವ್ಯರ್ಥ, ಏಕೆಂದರೆ ಅದರ ನವುರಾದ ಪರಿಮಳಗಳು ಮೊದಲ ಅರ್ಧ ಗಂಟೆಯಲ್ಲಿಯೇ ಆವಿಯೊಡನೆ ಹೊರಟುಹೋಗುತ್ತವೆ.

ಕರ್ನಾಟಕದಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿಯೂ ವಿಜಯಪುರ, ಬಾಗಲಕೋಟೆಯ ಕೃಷ್ಣಾ ಕಣಿವೆಯಲ್ಲಿಯೂ ವೈನ್ ದ್ರಾಕ್ಷಿಯ ತೋಟಗಳಿವೆ. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದ ಮೇಲೆ ಈ ಉದ್ಯಮ ಬೆಳೆದಿದೆ. ಇಲ್ಲಿನ ಕೆಂಪು ವೈನುಗಳಲ್ಲಿ ಶಿರಾಜ್ ಮತ್ತು ಕ್ಯಾಬರ್ನೆ ಸೊವಿನ್ಯೋಂ ಹೆಚ್ಚು. ಇವು ಪಿನೊ ನ್ವಾರಿಗಿಂತ ಗಾಢವಾದರೂ ಬಳಸಬಹುದು. ನಾನು ಶಿರಾಜನ್ನು ಆರಿಸುತ್ತೇನೆ ಮತ್ತು ಒಗರನ್ನು ತಗ್ಗಿಸಲು ಕೋಳಿಯ ರಸವನ್ನು ಸ್ವಲ್ಪ ಹೆಚ್ಚು ಸೇರಿಸುತ್ತೇನೆ. ಮರದ ಪೀಪಾಯಿಯಲ್ಲಿ ಬಹುಕಾಲ ಇಟ್ಟ ರಿಸರ್ವ್ ವೈನುಗಳು ಬತ್ತಿದಾಗ ಕಹಿ ಬರುತ್ತದೆ, ಅವು ಬೇಡ. 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನುಗಳೂ, ಗೋವಾದಿಂದ ತರುವ ಸಿಹಿಯಾದ ಪೋರ್ಟ್ ಕೂಡ ಬೇಡ. ಬೆಂಗಳೂರು ನೀಲಿ ತಿನ್ನಲು ಎಷ್ಟೇ ಸೊಗಸಾಗಿದ್ದರೂ ಅದರ ಗಾಢವಾದ ಹಣ್ಣಿನ ಘಮ ಮಾಂಸದೊಡನೆ ಹೊಂದುವುದಿಲ್ಲ.

ನಾಲ್ಕೈದು ಮಂದಿಗೆ ಎಷ್ಟೆಷ್ಟು ಬೇಕು?

ಸ್ವಚ್ಛಗೊಳಿಸಿದ ಮೇಲೆ ಸುಮಾರು 1.6 ಕಿಲೊ ತೂಗುವ ಹುಂಜ, ಒಂದು ಬಾಟಲಿ ಎಂದರೆ 750 ಮಿ.ಲೀ. ಕೆಂಪು ವೈನ್, 400 ಮಿ.ಲೀ. ಕೋಳಿಯ ರಸ, 60 ಮಿ.ಲೀ. ಬ್ರಾಂದಿ, 120 ಗ್ರಾಂ ದಪ್ಪನೆಯ ಬೇಕನ್, 200 ಗ್ರಾಂ ಸಾಂಬಾರ್ ಈರುಳ್ಳಿ, 200 ಗ್ರಾಂ ಬಟನ್ ಅಣಬೆ, ಒಂದು ದೊಡ್ಡ ಈರುಳ್ಳಿ, ಎರಡು ಕ್ಯಾರೆಟ್, ಐದು ಎಸಳು ಬೆಳ್ಳುಳ್ಳಿ, ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್, 60 ಗ್ರಾಂ ಬೆಣ್ಣೆ, 25 ಗ್ರಾಂ ಮೈದಾ, ಥೈಮ್, ಬೇ ಎಲೆ, ಪಾರ್ಸ್ಲಿ, ಉಪ್ಪು, ಕರಿಮೆಣಸು.

ಹಿಂದಿನ ರಾತ್ರಿಯೇ ವೈನಿನಲ್ಲಿ ನೆನೆಸಿಡಬೇಕೇ?

ಹುಂಜಕ್ಕಾದರೆ ನೆನೆಸುವುದು ಒಳ್ಳೆಯದು, ಬ್ರಾಯ್ಲರಿಗೆ ಅಗತ್ಯವಿಲ್ಲ. ವೈನಿನ ರುಚಿ ಮಾಂಸದ ಹೊರಪದರವನ್ನು ದಾಟಿ ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಮಾಂಸವನ್ನು ಮೆತ್ತಗಾಗಿಸುವುದು ನೆನೆಸುವಿಕೆಯಲ್ಲ, ಬೇಯುವ ಹೊತ್ತು. ಎಳೆಯ ಮಾಂಸವನ್ನು ಒಂದು ದಿನಕ್ಕೂ ಮಿಗಿಲಾಗಿ ಹುಳಿಯಲ್ಲಿಟ್ಟರೆ ಅದರ ಮೇಲ್ಮೈ ಹಿಟ್ಟುಹಿಟ್ಟಾಗುತ್ತದೆ. ನೆನೆಸುವವರು ಫ್ರಿಜ್ಜಿನಲ್ಲಿಟ್ಟು, ಮರುದಿನ ತುಂಡುಗಳನ್ನು ತೆಗೆದು ಬಟ್ಟೆಯಿಂದ ಪೂರ್ತಿ ಒರೆಸಿ ಒಣಗಿಸಬೇಕು. ಒದ್ದೆಯಿರುವವರೆಗೆ ಮಾಂಸದ ಮೇಲ್ಮೈಯ ಶಾಖ 100 ಡಿಗ್ರಿಯನ್ನು ದಾಟುವುದಿಲ್ಲ, ಕಂದು ಬಣ್ಣವೂ ಅದರ ಜೊತೆಗಿನ ರುಚಿಯೂ ಹುಟ್ಟಲು ಸುಮಾರು 140 ಡಿಗ್ರಿ ಬೇಕು. ಈ ಒಂದು ಹೆಜ್ಜೆಯನ್ನು ತಪ್ಪಿಸಿದವರ ಅಡುಗೆ ಪೇಲವವಾಗುತ್ತದೆ.

ಯಾವ ಪಾತ್ರೆ ಸೂಕ್ತ?

ಒಳಮೈಗೆ ಎನಾಮಲ್ ಲೇಪಿಸಿದ ಬೀಡುಕಬ್ಬಿಣದ ಪಾತ್ರೆ ಅತ್ಯುತ್ತಮ. ದಪ್ಪ ತಳದ ಸ್ಟೀಲ್ ಪಾತ್ರೆಯೂ ಆಗುತ್ತದೆ. ಲೇಪವಿಲ್ಲದ ಅಲ್ಯೂಮಿನಿಯಂ ಮತ್ತು ಕಬ್ಬಿಣದ ಪಾತ್ರೆಗಳನ್ನು ಬಳಸಲೇಬಾರದು. ವೈನಿನ ಹುಳಿ ಲೋಹವನ್ನು ಕರಗಿಸಿ, ಅದರ ಬಣ್ಣದ ಅಂಶಗಳೊಡನೆ ಕೂಡಿ ರಸವನ್ನು ಬೂದಿ ಬಣ್ಣಕ್ಕೆ ತಿರುಗಿಸುತ್ತದೆ, ಬಾಯಲ್ಲಿ ಲೋಹದ ರುಚಿ ನಿಲ್ಲುತ್ತದೆ. ಹುಣಸೆಹಣ್ಣಿನ ಸಾರನ್ನು ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮಾಡಬಾರದೆಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದುದಕ್ಕೂ ಕಾರಣ ಹುಳಿಯೇ.

ಬೇಯಿಸುವ ಕ್ರಮ ಹೇಗೆ?

ಬೇಕನ್ನನ್ನು ಬೆರಳಿನ ಗಾತ್ರದ ತುಂಡುಗಳಾಗಿ ಕತ್ತರಿಸಿ ಐದು ನಿಮಿಷ ನೀರಿನಲ್ಲಿ ಕುದಿಸಿ ಬಸಿಯಿರಿ. ಹೀಗೆ ಮಾಡದಿದ್ದರೆ ಅದರ ಉಪ್ಪು ಮತ್ತು ಹೊಗೆಯ ವಾಸನೆ ಇಡೀ ಪಾತ್ರೆಯನ್ನು ಆಳುತ್ತವೆ. ಬಳಿಕ ಒಂದು ಚಮಚ ಬೆಣ್ಣೆಯಲ್ಲಿ ಹೊಂಬಣ್ಣ ಬರುವವರೆಗೆ ಹುರಿದು ತೆಗೆದಿಡಿ. ಅದೇ ಕೊಬ್ಬಿನಲ್ಲಿ, ಉಪ್ಪು ಮೆಣಸು ಹಚ್ಚಿದ ಕೋಳಿಯ ತುಂಡುಗಳನ್ನು ಒತ್ತೊತ್ತಾಗಿ ತುಂಬದೆ ಎರಡು ಮೂರು ಸರದಿಯಲ್ಲಿ ಎಲ್ಲ ಬದಿಯೂ ಕೆಂಪಗಾಗುವಂತೆ ಹುರಿಯಿರಿ. ಇದಕ್ಕೆ ಇಪ್ಪತ್ತು ನಿಮಿಷ ಹಿಡಿದರೂ ಅವಸರಿಸಬೇಡಿ, ಏಕೆಂದರೆ ಗ್ರೇವಿಯ ಬಣ್ಣ ಮತ್ತು ಆಳ ಇಲ್ಲಿಯೇ ನಿರ್ಧಾರವಾಗುತ್ತದೆ.

ತುಂಡುಗಳನ್ನು ತೆಗೆದು, ಹೆಚ್ಚಿದ ಈರುಳ್ಳಿ ಮತ್ತು ಕ್ಯಾರೆಟ್ಟನ್ನು ಬಾಡಿಸಿ, ಟೊಮೆಟೊ ಪೇಸ್ಟ್ ಹಾಗೂ ಜಜ್ಜಿದ ಬೆಳ್ಳುಳ್ಳಿ ಸೇರಿಸಿ ಒಂದು ನಿಮಿಷ ಕೈಯಾಡಿಸಿ. ಬ್ರಾಂದಿಯನ್ನು ಹಾಕಿ ಬತ್ತಿಸಿದ ಮೇಲೆ ವೈನನ್ನೆಲ್ಲ ಸುರಿದು, ಪಾತ್ರೆಯ ತಳಕ್ಕೆ ಹಿಡಿದದ್ದನ್ನು ಮರದ ಸೌಟಿನಿಂದ ಕೆರೆದು ರಸಕ್ಕೆ ಬೆರೆಸಿ. ವೈನ್ ಮೂರನೆಯ ಒಂದು ಪಾಲಿನಷ್ಟು ಇಳಿಯುವವರೆಗೆ ಮುಚ್ಚದೆ ಕುದಿಸಿ, ಕೋಳಿ, ಬೇಕನ್, ಕೋಳಿಯ ರಸ, ದಾರದಲ್ಲಿ ಕಟ್ಟಿದ ಥೈಮ್, ಬೇ ಎಲೆ ಮತ್ತು ಪಾರ್ಸ್ಲಿಯ ಕಾಂಡಗಳ ಕಂತೆ ಇವೆಲ್ಲವನ್ನೂ ಹಾಕಿ ಮುಚ್ಚಿ. ಇನ್ನು ಮುಂದೆ ರಸ ಕೊತಕೊತ ಕುದಿಯಬಾರದು. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಮಾತ್ರ ಉರಿ ಇರಬೇಕು. ನಾಟಿ ಹುಂಜಕ್ಕೆ ಎರಡೂವರೆಯಿಂದ ಮೂರು ಗಂಟೆ, ಲೇಯರ್ ಹೇಂಟೆಗೆ ಒಂದೂವರೆಯಿಂದ ಎರಡು ಗಂಟೆ, ಬ್ರಾಯ್ಲರ್ ತೊಡೆಗಳಿಗೆ ಮುಕ್ಕಾಲು ಗಂಟೆ ಎಂಬುದು ಅಂದಾಜು. ಗಡಿಯಾರಕ್ಕಿಂತ ಚಾಕುವನ್ನು ನಂಬಿ: ತೊಡೆಗೆ ಚುಚ್ಚಿದ ಚಾಕುವಿನ ತುದಿ ತಡೆಯಿಲ್ಲದೆ ಇಳಿದರೆ ಬೆಂದಿದೆ.

ಬೆಂದ ತುಂಡುಗಳನ್ನು ತೆಗೆದಿಟ್ಟು, ರಸವನ್ನು ಸೋಸಿ, ಮೇಲೆ ತೇಲುವ ಕೊಬ್ಬನ್ನು ತೆಗೆಯಿರಿ. ರಸ ಅರ್ಧ ಲೀಟರಿಗೂ ತುಸು ಹೆಚ್ಚು ಉಳಿಯುವಂತೆ ಬತ್ತಿಸಿ. 25 ಗ್ರಾಂ ಮೆದು ಬೆಣ್ಣೆಗೆ 25 ಗ್ರಾಂ ಮೈದಾ ಸೇರಿಸಿ ಬೆರಳಿನಿಂದ ನಾದಿ, ಅದನ್ನು ಚೂರುಚೂರಾಗಿ ಕುದಿವ ರಸಕ್ಕೆ ಹಾಕುತ್ತಾ ಕಡೆಯಿರಿ. ಮೈದಾದ ಪ್ರತಿ ಕಣಕ್ಕೂ ಬೆಣ್ಣೆ ಸುತ್ತಿಕೊಂಡಿರುವುದರಿಂದ ಗಂಟು ಕಟ್ಟುವುದಿಲ್ಲ. ಹಸಿ ಹಿಟ್ಟಿನ ವಾಸನೆ ಹೋಗುವವರೆಗೆ ಮೂರು ನಾಲ್ಕು ನಿಮಿಷ ಕುದಿಸಿ, ಚಮಚದ ಬೆನ್ನಿಗೆ ತೆಳುವಾಗಿ ಹತ್ತುವ ಹದಕ್ಕೆ ನಿಲ್ಲಿಸಿ. ಹಳೆಯ ಕಾಲದಲ್ಲಿ ಗಟ್ಟಿಗೊಳಿಸಲು ಹುಂಜದ ರಕ್ತವನ್ನೇ, ಹೆಪ್ಪುಗಟ್ಟದಂತೆ ಸ್ವಲ್ಪ ವಿನೆಗರ್ ಬೆರೆಸಿಟ್ಟು, ಕೊನೆಯಲ್ಲಿ ಸೇರಿಸುತ್ತಿದ್ದರು. ಕೋಳಿ, ಬೇಕನ್, ಬೇರೆಯಾಗಿ ಬೇಯಿಸಿಟ್ಟ ಸಾಂಬಾರ್ ಈರುಳ್ಳಿ ಮತ್ತು ಅಣಬೆಗಳನ್ನು ಗ್ರೇವಿಗೆ ಸೇರಿಸಿ ಹತ್ತು ನಿಮಿಷ ಸಣ್ಣ ಉರಿಯಲ್ಲಿಡಿ.

ಈರುಳ್ಳಿ ಮತ್ತು ಅಣಬೆಯನ್ನು ಬೇರೆಯಾಗಿ ಏಕೆ ಬೇಯಿಸಬೇಕು?

ಮೂರು ಗಂಟೆ ವೈನಿನಲ್ಲಿದ್ದರೆ ಎರಡೂ ತಮ್ಮತನವನ್ನು ಕಳೆದುಕೊಳ್ಳುತ್ತವೆ. ಸುಲಿದ ಸಾಂಬಾರ್ ಈರುಳ್ಳಿಯನ್ನು ಬೆಣ್ಣೆ, ಚಿಟಿಕೆ ಸಕ್ಕರೆ ಮತ್ತು ಒಂದು ಸೌಟು ರಸದೊಡನೆ ಇಪ್ಪತ್ತು ನಿಮಿಷ ಮುಚ್ಚಿ ಬೇಯಿಸಿ, ಕೊನೆಗೆ ಮುಚ್ಚಳ ತೆಗೆದು ಹೊಳಪು ಬರಿಸಿ. ಅಣಬೆಯನ್ನು ಜೋರು ಉರಿಯಲ್ಲಿ, ಬಿಟ್ಟ ನೀರೆಲ್ಲ ಇಂಗಿ ಅಂಚು ಕಂದಾಗುವವರೆಗೆ ಹುರಿಯಬೇಕು.

ಬ್ರಾಂದಿಗೆ ಬೆಂಕಿ ಹಚ್ಚಲೇಬೇಕೇ?

ಬೇಕಿಲ್ಲ. ಎರಡು ನಿಮಿಷ ಕುದಿಸಿ ಬತ್ತಿಸಿದರೂ ಸಾಕು. ಹಚ್ಚಲೇಬೇಕೆನ್ನುವವರು ಗ್ಯಾಸನ್ನು ಆರಿಸಿ, ಚಿಮಣಿಯ ಫ್ಯಾನನ್ನು ನಿಲ್ಲಿಸಿ, ಬಾಟಲಿಯಿಂದ ನೇರವಾಗಿ ಸುರಿಯದೆ ಲೋಟದಲ್ಲಿ ಅಳೆದು ಹಾಕಿ, ಮುಖವನ್ನು ದೂರವಿಟ್ಟು ಉದ್ದ ಕಡ್ಡಿಯಿಂದ ಹೊತ್ತಿಸಬೇಕು. ಮುಚ್ಚಳ ಕೈಯಳತೆಯಲ್ಲಿರಲಿ. ಮಕ್ಕಳು ಅಡುಗೆಮನೆಯಲ್ಲಿರಬಾರದು.

ಹಂದಿಮಾಂಸ ತಿನ್ನದವರು ಏನು ಮಾಡಬೇಕು?

ಬಿಟ್ಟುಬಿಡಬಹುದು. ಬೇಕನ್ನಿನಿಂದ ಬರುವುದು ಉಪ್ಪು, ಕೊಬ್ಬು ಮತ್ತು ಜಗಿಯುವ ಸುಖ. ಬೆಣ್ಣೆಯನ್ನು ಒಂದು ಚಮಚ ಹೆಚ್ಚಿಸಿ, ಅಣಬೆಯನ್ನು ಒಂದೂವರೆ ಪಾಲು ಮಾಡಿ, ಉಪ್ಪನ್ನು ಸರಿನೋಡಿಕೊಂಡರೆ ಅಡುಗೆ ಬಡವಾಗುವುದಿಲ್ಲ.

ಬೇ ಎಲೆಗೆ ಬದಲು ಪಲಾವ್ ಎಲೆ, ಥೈಮಿಗೆ ಬದಲು ದೊಡ್ಡಪತ್ರೆ ಹಾಕಬಹುದೇ?

ಎರಡೂ ಬೇಡ. ಪಲಾವ್ ಎಲೆ ದಾಲ್ಚಿನ್ನಿಯ ಕುಲಕ್ಕೆ ಸೇರಿದ್ದು. ಅದರಲ್ಲಿ ಉದ್ದಕ್ಕೆ ಮೂರು ನರಗಳು ಎದ್ದು ಕಾಣುತ್ತವೆ, ಘಮವೂ ದಾಲ್ಚಿನ್ನಿಯದೇ. ಫ್ರೆಂಚರ ಬೇ ಎಲೆ ಲಾರೆಲ್ ಮರದ್ದು, ಅದಕ್ಕೆ ನಡುವೆ ಒಂದೇ ನರ. ದೊಡ್ಡಪತ್ರೆ ತಂಬುಳಿಗೆ ಹೇಳಿಮಾಡಿಸಿದ್ದು, ಇಲ್ಲಿ ಅದರ ಖಾರವಾದ ಘಾಟು ವೈನನ್ನು ಮುಚ್ಚಿಬಿಡುತ್ತದೆ. ಒಣಗಿದ ಥೈಮ್ ಮತ್ತು ಒಣ ಲಾರೆಲ್ ಎಲೆ ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಗುತ್ತವೆ. ಸಿಗದಿದ್ದರೆ ಥೈಮನ್ನಾದರೂ ಹುಡುಕಿ, ಎಲೆಯನ್ನು ಬಿಡಿ. ಶುಂಠಿ, ಲವಂಗ, ಗರಂ ಮಸಾಲೆಯನ್ನು ಸೇರಿಸಬಹುದೇ ಎಂದು ಕೇಳುವವರಿಗೂ ನನ್ನ ಉತ್ತರ ಬೇಡವೆಂದೇ. ಮಸಾಲೆಯ ಮೇಲೆ ನನಗೆ ಅನಾದರವಿಲ್ಲ. ಮೂರು ಗಂಟೆ ಕಾದು ಪಡೆದ ವೈನು ಮತ್ತು ಹುಂಜದ ರುಚಿಯನ್ನು ಒಮ್ಮೆಯಾದರೂ ಮುಚ್ಚುಮರೆಯಿಲ್ಲದೆ ಸವಿಯಬೇಕೆಂಬುದು ನನ್ನ ಕೋರಿಕೆ.

ಪ್ರೆಶರ್ ಕುಕ್ಕರಿನಲ್ಲಿ ಮಾಡಬಹುದೇ?

ಬಲಿತ ಹುಂಜಕ್ಕೆ ಮಾತ್ರ ಮಾಡಬಹುದು. ಕುಕ್ಕರಿನೊಳಗೆ ಶಾಖ ಸುಮಾರು 120 ಡಿಗ್ರಿಗೆ ಏರುವುದರಿಂದ ಮೂರು ಗಂಟೆಯ ಕೆಲಸ ಅರ್ಧ ಗಂಟೆಯ ಆಸುಪಾಸಿನಲ್ಲಿ ಆಗುತ್ತದೆ. ಆದರೆ ಮುಚ್ಚಿದ ಕುಕ್ಕರಿನಿಂದ ಆವಿ ಹೆಚ್ಚಾಗಿ ಹೊರಹೋಗದ ಕಾರಣ ವೈನು ಬತ್ತುವುದಿಲ್ಲ, ಮದ್ಯಸಾರವೂ ಒಳಗೇ ಉಳಿಯುತ್ತದೆ. ವೈನನ್ನು ಮುಚ್ಚುವ ಮೊದಲೇ ಅರ್ಧಕ್ಕೆ ಇಳಿಸಿಕೊಳ್ಳಿ, ಕೋಳಿಯ ರಸವನ್ನು 250 ಮಿ.ಲೀ.ಗೆ ತಗ್ಗಿಸಿ, ತೆರೆದ ಮೇಲೆ ಮತ್ತೆ ಬತ್ತಿಸಿ. ಕುಕ್ಕರ್ ಸ್ಟೀಲಿನದೇ ಆಗಿರಲಿ.

ಗ್ರೇವಿ ಹುಳಿಯಾಗಿದೆ, ಕಹಿಯಾಗಿದೆ, ನೇರಳೆ ಬಣ್ಣಕ್ಕಿದೆ. ಏನು ಮಾಡಲಿ?

ಹುಳಿಯಾಗಿದ್ದರೆ ವೈನು ಸಾಕಷ್ಟು ಬೆಂದಿಲ್ಲ ಅಥವಾ ಕೋಳಿಯ ರಸ ಕಡಿಮೆಯಾಗಿದೆ. ಇನ್ನಷ್ಟು ರಸ ಸೇರಿಸಿ ಕುದಿಸಿ, ಕೊನೆಗೆ ಚಿಟಿಕೆ ಸಕ್ಕರೆ ಮತ್ತು ಒಂದು ತುಂಡು ಬೆಣ್ಣೆ ಹಾಕಿ. ಅಡುಗೆ ಸೋಡಾ ಹಾಕಿ ಹುಳಿ ಮುರಿಯುವ ಯೋಚನೆ ಬೇಡ. ದ್ರಾಕ್ಷಿಯ ಬಣ್ಣ ಹುಳಿಯಲ್ಲಿ ಕೆಂಪಗೂ ಹುಳಿ ತಗ್ಗಿದಂತೆ ನೀಲಿಗೂ ತಿರುಗುವಂಥದು, ಹಾಗಾಗಿ ಸೋಡಾ ಬಿದ್ದರೆ ಬಣ್ಣವೂ ಕೆಡುತ್ತದೆ. ನೇರಳೆ ಬಣ್ಣ ಹೆಚ್ಚಾಗಿ ಹುರಿಯುವಾಗ ಮಾಡಿದ ಅವಸರದ ಫಲ. ಟೊಮೆಟೊ ಪೇಸ್ಟ್ ಮತ್ತು ಇನ್ನಷ್ಟು ಬತ್ತಿಸುವಿಕೆ ಅದನ್ನು ಕಂದುಗೆಂಪಿಗೆ ತರುತ್ತವೆ. ಕಹಿಗೆ ಮಾತ್ರ ಪರಿಹಾರವಿಲ್ಲ. ತಳ ಸೀದಿದ್ದರೆ ವೈನ್ ಸುರಿಯುವ ಮೊದಲೇ ಪಾತ್ರೆಯನ್ನು ಬದಲಿಸಬೇಕು.

ಬೇಯಿಸಿದ ಮೇಲೆ ಮದ್ಯಸಾರ ಪೂರ್ತಿ ಹೋಗುತ್ತದೆಯೇ? ಮಕ್ಕಳಿಗೆ ಬಡಿಸಬಹುದೇ?

ಪೂರ್ತಿ ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಂತೆ, ಸಣ್ಣ ಕುದಿಯಲ್ಲಿ ಅರ್ಧ ಗಂಟೆ ಬೆಂದ ಅಡುಗೆಯಲ್ಲಿ ಶೇ 35ರಷ್ಟು, ಒಂದು ಗಂಟೆಗೆ ಶೇ 25ರಷ್ಟು, ಎರಡೂವರೆ ಗಂಟೆಗೆ ಶೇ 5ರಷ್ಟು ಮದ್ಯಸಾರ ಉಳಿಯುತ್ತದೆ. ಬೆಂಕಿ ಹಚ್ಚಿ ಆರಿಸಿದರೂ ಸುಮಾರು ಶೇ 75ರಷ್ಟು ಉಳಿದೇ ಇರುತ್ತದೆ. ಆದ್ದರಿಂದ ಮಕ್ಕಳಿಗೆ, ಗರ್ಭಿಣಿಯರಿಗೆ, ಕುಡಿತವನ್ನು ಬಿಟ್ಟವರಿಗೆ, ಧರ್ಮದ ಕಾರಣದಿಂದ ಮದ್ಯ ಮುಟ್ಟದವರಿಗೆ ಇದನ್ನು ಬಡಿಸಬೇಡಿ. ಅತಿಥಿಗಳು ತಟ್ಟೆಯ ಮುಂದೆ ಕೂರುವ ಮೊದಲೇ ಇದರಲ್ಲಿ ವೈನ್ ಇದೆಯೆಂದು ಬಾಯಿಬಿಟ್ಟು ಹೇಳಿ.

ವೈನ್ ಇಲ್ಲದೆ ಮಾಡುವ ದಾರಿ ಇದೆಯೇ?

ದ್ರಾಕ್ಷಿ ರಸವನ್ನು ಬಳಸಿದರೆ ಸಿಹಿಯಾದ ಬೇರೆಯೇ ಪದಾರ್ಥವಾಗುತ್ತದೆ. ವೈನ್ ಬೇಡವೆನ್ನುವವರಿಗೆ ಫ್ರೆಂಚರದೇ ಮತ್ತೊಂದು ಅಡುಗೆಯನ್ನು ಮನಸ್ಸಿಟ್ಟು ಸೂಚಿಸುತ್ತೇನೆ. ಅದು ಪೂಲ್ ಓ ಪೋ: ಬಲಿತ ಹೇಂಟೆಯನ್ನು ಕ್ಯಾರೆಟ್, ಲೀಕ್, ಟರ್ನಿಪ್ ಗಡ್ಡೆಗಳೊಡನೆ ಬರಿಯ ನೀರಿನಲ್ಲಿ ಮೆಲ್ಲಗೆ ಬೇಯಿಸುವುದು. ತನ್ನ ರಾಜ್ಯದ ಪ್ರತಿ ರೈತನ ಮನೆಯಲ್ಲಿ ಭಾನುವಾರ ಪಾತ್ರೆಯಲ್ಲೊಂದು ಕೋಳಿ ಇರಬೇಕೆಂದು ನಾಲ್ಕನೆಯ ಹೆನ್ರಿ ದೊರೆ ಬಯಸಿದ್ದನೆಂಬ ಪ್ರತೀತಿ ಈ ಅಡುಗೆಯನ್ನೇ ಕುರಿತದ್ದು.

ಯಾವುದರೊಡನೆ ಬಡಿಸಬೇಕು?

ಬೇಯಿಸಿ ಬೆಣ್ಣೆ ಸವರಿದ ಆಲೂಗಡ್ಡೆ, ಅಗಲವಾದ ನೂಡಲ್ಸ್, ಇಲ್ಲವೇ ಗಟ್ಟಿ ಹೊರಪದರದ ಬ್ರೆಡ್. ಬೆಣ್ಣೆಯಲ್ಲಿ ಕರಿದ ಹೃದಯಾಕಾರದ ಬ್ರೆಡ್ ತುಂಡುಗಳ ತುದಿಯನ್ನು ಗ್ರೇವಿಯಲ್ಲಿ ಅದ್ದಿ ಪಾರ್ಸ್ಲಿಯಲ್ಲಿ ಹೊರಳಿಸಿ ಸುತ್ತ ಜೋಡಿಸುವುದು ಹಳೆಯ ಪದ್ಧತಿ. ಅನ್ನದೊಡನೆ ತಿಂದರೆ ತಪ್ಪೇನಿಲ್ಲ, ಆದರೆ ಗ್ರೇವಿಯನ್ನು ಹೀರುವ ಕೆಲಸದಲ್ಲಿ ಆಲೂಗಡ್ಡೆಯನ್ನು ಮೀರಿಸಿದ್ದನ್ನು ನಾನು ಕಂಡಿಲ್ಲ.

ಹಿಂದಿನ ದಿನವೇ ಮಾಡಿಡಬಹುದೇ?

ಮಾಡಿಡುವುದೇ ಒಳ್ಳೆಯದು. ರಾತ್ರಿ ಕಳೆಯುವಷ್ಟರಲ್ಲಿ ವೈನಿನ ಹುಳಿಯೂ ಮಾಂಸದ ರಸವೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಮತ್ತು ತಣ್ಣಗಾದ ಮೇಲೆ ಗಟ್ಟಿಯಾಗಿ ಮೇಲೆ ನಿಲ್ಲುವ ಕೊಬ್ಬನ್ನು ಚಮಚದಿಂದ ಸುಲಭವಾಗಿ ತೆಗೆಯಬಹುದು. ಬೆಂದ ಎರಡು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ಅಣಬೆ ಈರುಳ್ಳಿಗಳನ್ನು ಬಡಿಸುವ ದಿನವೇ ಹುರಿದು ಸೇರಿಸಿ. ಹುಂಜದ್ದಾದರೆ ಮರುದಿನ ಬೆಳಿಗ್ಗೆ ಪಾತ್ರೆ ತೆರೆದಾಗ ರಸ ಜೆಲ್ಲಿಯಂತೆ ಹೆಪ್ಪುಗಟ್ಟಿರುತ್ತದೆ. ಕೆಟ್ಟಿತೆಂದು ಗಾಬರಿಯಾಗಬೇಡಿ, ಮೂರು ಗಂಟೆ ಬೇಯಿಸಿದ ಹುಂಜದಿಂದ ಇಳಿದ ಜೆಲಾಟಿನ್ ಅದು. ನೀರು ಹಾಕದೆ ಸಣ್ಣ ಉರಿಯಲ್ಲಿಟ್ಟರೆ ಐದಾರು ನಿಮಿಷದಲ್ಲಿ ಕರಗಿ ಮತ್ತೆ ಗ್ರೇವಿಯಾಗುತ್ತದೆ.